ತೀರ್ಥರೂಪ ಸಮಾನರಾದ ಡೀಸೆಲ್ ಎಂಜಿನ್ ಅವರ ಸನ್ನಿಧಾನಕ್ಕೆ

ಕೂನೂರು–ಉದಕಮಂಡಲ ಮಾರ್ಗದಲ್ಲಿ ಚಿತ್ತೈಸಿರುವ ಮ.ರಾ.ಶ್ರೀ ವೈಡಿಎಂ-4 ಡೀಸೆಲ್ ಎಂಜಿನ್ ಅವರ ಪಾದಾರವಿಂದಗಳಿಗೆ (ಪಾದ ಎಂದದ್ದಕ್ಕೆ ಕ್ಷಮೆಯಿರಲಿ, ತಮಗಿರುವುದು ಹನ್ನೆರಡು ಚಕ್ರ) ಮೈಸೂರಿನ ಒಬ್ಬ ನಿವೃತ್ತ ಗುಮಾಸ್ತನ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ. ಇತ್ತ ನಾನು ಕ್ಷೇಮ, ಮನೆಯವರೂ ಕ್ಷೇಮ. ಒಂದು ಬಿಳಿ ಅಂಗಿ ಮಾತ್ರ ಕ್ಷೇಮವಾಗಿಲ್ಲ. ಅದರ ಸಮಾಚಾರ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಹೋದ ಬೇಸಗೆಯಲ್ಲಿ ತಮ್ಮ ದರ್ಶನಭಾಗ್ಯ ಒದಗಿತು. ನಾನು ಕೋರಿದ್ದ ಭಾಗ್ಯ ಅದಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹೋದದ್ದು ಉಗಿಬಂಡಿ ನೋಡಲು. ಆದರೆ ಮೈಸೂರಿನವರ ಹಣೆಬರಹ ನೋಡಿ: ನಾವು ಬಂಡೀಪುರ, ಗೂಡಲೂರು ದಾಟಿ ಬಸ್ಸಿನಲ್ಲಿ ನೇರ ಊಟಿಗೆ, ಅಂದರೆ ಬೆಟ್ಟದ ನೆತ್ತಿಗೇ, ಬಂದು ಇಳಿಯುತ್ತೇವೆ. ಉಗಿ ಎಂಜಿನ್ ಮೇಟ್ಟುಪಾಳ್ಯಂನಿಂದ ಹತ್ತಿ ಬಂದು ಸಾಮಾನ್ಯವಾಗಿ ಕೂನೂರಿನಲ್ಲೇ ನಿಂತುಬಿಡುತ್ತದೆ. ಕೂನೂರಿನಿಂದ ಊಟಿಯವರೆಗಿನ ಹತ್ತೊಂಬತ್ತು ಕಿಲೋಮೀಟರ್ ಸಾಮ್ರಾಜ್ಯ ತಮ್ಮದು. ಊಟಿಯ ನಿಲ್ದಾಣದಲ್ಲಿ ‘ಚುಕುಬುಕು ರೈಲು’ ಎಂದು ಕುಣಿಯುತ್ತಾ ಟಿಕೆಟ್ ಹಿಡಿದು ನಿಂತ ಕನ್ನಡಿಗರ ಎದುರಿಗೆ ತಾವು ಪೆಟ್ಟಿಗೆಯಂಥ ಮೈ ಹೊತ್ತು, ಚುಕು ಇಲ್ಲದೆ, ಬುಕು ಇಲ್ಲದೆ, ಧಡಧಡ ಎನ್ನುತ್ತಾ ಪ್ರತ್ಯಕ್ಷರಾಗುತ್ತೀರಿ. ದೇವರ ಮೆರವಣಿಗೆ ನೋಡಲು ಬೀದಿಯಲ್ಲಿ ಕಾದು ನಿಂತವನ ಮುಂದೆ ನೀರಿನ ಟ್ಯಾಂಕರ್ ಹಾದುಹೋದ ಹಾಗೆ. ಟ್ಯಾಂಕರ್ ಬೇಡವೆಂದು ಯಾರು ಅಂದಾರು? ಉಪಕಾರಿಯೇ. ಕೈ ಮುಗಿಯಬೇಕೆಂದು ಅನ್ನಿಸುವುದಿಲ್ಲ, ಅಷ್ಟೆ.

ತಮ್ಮ ಸಾಮರ್ಥ್ಯದ ಬಗ್ಗೆ ಈ ಅಲ್ಪನಿಗೆ ಎಳ್ಳಷ್ಟೂ ಅನುಮಾನವಿಲ್ಲ. ಸುಮಾರು 1,400 ಅಶ್ವಶಕ್ತಿ, 72 ಟನ್ ತೂಕ, ಗಂಟೆಗೆ 96 ಕಿಲೋಮೀಟರ್ ವೇಗ. ಇಷ್ಟೆಲ್ಲ ಸಂಪತ್ತು ಇಟ್ಟುಕೊಂಡು, ಸೈಕಲ್ಲಿನವನೂ ಮುಂದೆ ಹೋದಾನು ಎನ್ನುವ ವೇಗದಲ್ಲಿ ನಾಲ್ಕು ಪುಟಾಣಿ ಡಬ್ಬಿಗಳನ್ನು ವೆಲಿಂಗ್ಟನ್, ಅರವಂಕಾಡು, ಲವ್‌ಡೇಲ್ ದಾಟಿಸುವ ತಮ್ಮ ವಿನಯಕ್ಕೆ ಏನೆನ್ನಲಿ! ಆದರೆ ಕಲ್ಲಾರಿನಿಂದ ಕೂನೂರಿನವರೆಗೆ ಹನ್ನೆರಡೂವರೆ ಅಡಿಗೆ ಒಂದಡಿಯಂತೆ ಏರುವ ಕಡಿದಾದ ದಾರಿಯಿದೆಯಲ್ಲ, ಅಲ್ಲಿಗೆ ಮಾತ್ರ ತಾವು ಪಾದ ಬೆಳೆಸುವುದಿಲ್ಲ. ಅಲ್ಲಿ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ. ಅದನ್ನು ಕಚ್ಚಿಕೊಂಡು ಹತ್ತಲು ಹಲ್ಲುಚಕ್ರ ಬೇಕು. ಸ್ವಿಟ್ಜರ್‌ಲೆಂಡಿನ ವಿಂಟರ್‌ಥೂರ್‌ನಲ್ಲಿ ಹುಟ್ಟಿದ ಎಕ್ಸ್ ದರ್ಜೆಯ ಉಗಿ ಎಂಜಿನ್ನಿಗೆ ನಾಲ್ಕು ಸಿಲಿಂಡರ್: ಎರಡು ಮಾಮೂಲಿ ಚಕ್ರಕ್ಕೆ, ಎರಡು ಹಲ್ಲುಚಕ್ರಕ್ಕೆ. ಒಂದು ಜೋಡಿಯಲ್ಲಿ ದುಡಿದ ಉಗಿಯನ್ನೇ ಇನ್ನೊಂದು ಜೋಡಿಗೆ ಕಳಿಸಿ ಮತ್ತೆ ದುಡಿಸುತ್ತದೆ. ತಮಗೆ ಹಲ್ಲಿಲ್ಲ. ಇದನ್ನು ಕೊರತೆ ಎಂದು ಹೇಳುತ್ತಿಲ್ಲ, ನನಗೂ ಈಗ ಅದೇ ಸ್ಥಿತಿ. ಆದರೆ ಹಲ್ಲಿಲ್ಲದ ನಾನು ಚಕ್ಕುಲಿಯ ತಟ್ಟೆಯ ಮುಂದೆ ಕೂತು ಇದು ನನ್ನ ಸಾಮ್ರಾಜ್ಯ ಎನ್ನುವುದಿಲ್ಲ.

ತಮ್ಮ ವಂಶಾವಳಿಯನ್ನು ಭಕ್ತಿಯಿಂದ ಓದಿಕೊಂಡಿದ್ದೇನೆ. ವೈ ಎಂದರೆ ಮೀಟರ್ ಗೇಜ್, ಡಿ ಎಂದರೆ ಡೀಸೆಲ್, ಎಂ ಎಂದರೆ ಮಿಶ್ರ, ಅಂದರೆ ಮನುಷ್ಯರೂ ಸರಿ, ಗೊಬ್ಬರದ ಮೂಟೆಯೂ ಸರಿ. ಈ ಸಮದರ್ಶಿತ್ವ ದೊಡ್ಡದು. ತಮ್ಮ ಕುಲದ ಮೂಲಪುರುಷರು 1960ರ ದಶಕದ ಆರಂಭದಲ್ಲಿ ಅಮೆರಿಕದ ಆಲ್ಕೋ ಕಂಪನಿಯಿಂದ ಹಡಗಿನಲ್ಲಿ ಬಂದವರು. 1968ರಿಂದ ವಾರಾಣಸಿಯ ಡೀಸೆಲ್ ಕಾರ್ಖಾನೆಯಲ್ಲೇ ತಮ್ಮ ಸಂತತಿ ಬೆಳೆಯಿತು. ಮರುವರ್ಷ, 1969ರಲ್ಲಿ, ಆಲ್ಕೋ ಎಂಜಿನ್ ಕಟ್ಟುವುದನ್ನೇ ನಿಲ್ಲಿಸಿತು. ತವರಿನ ಬಾಗಿಲು ಮುಚ್ಚಿ ಐವತ್ತು ವರ್ಷ ದಾಟಿದ ಮೇಲೂ ಅತ್ತೆಮನೆಯಲ್ಲಿ ಅದೇ ದರ್ಪದಲ್ಲಿ ಗದರುತ್ತಿರುವ ಸೊಸೆಯನ್ನು ತಮ್ಮಲ್ಲಿ ಮಾತ್ರ ಕಂಡೆ. ವಾರಾಣಸಿಯ ಆ ಕಾರ್ಖಾನೆಯೂ 2020ರಲ್ಲಿ ತನ್ನ ಹೆಸರಿನಿಂದ ‘ಡೀಸೆಲ್’ ಎಂಬ ಪದ ಕಿತ್ತು ‘ಬನಾರಸ್’ ಎಂದು ಸೇರಿಸಿಕೊಂಡಿದೆ. ಅಲ್ಲೀಗ ವಿದ್ಯುತ್ ಎಂಜಿನ್ ತಯಾರಾಗುತ್ತದೆ. ತಮಗೆ ಈ ಸುದ್ದಿ ಮುಟ್ಟಿರಲಿಕ್ಕಿಲ್ಲ; ಬೆಟ್ಟದ ಮೇಲೆ ಸಿಗ್ನಲ್ ಕಡಿಮೆ.

ಈಗ ಅಂಗಿಯ ವಿಚಾರ. ಕೂನೂರಿನ ಪ್ಲಾಟ್‌ಫಾರಂನಲ್ಲಿ ತಮ್ಮ ಪಕ್ಕ ನಿಂತು ಒಂದು ಫೋಟೋ ತೆಗೆಸಿಕೊಳ್ಳುವ ದುರಾಸೆ ನನ್ನದು. ಊಟಿಗೆಂದೇ ಮನೆಯವರು ಇಸ್ತ್ರಿ ಮಾಡಿಸಿ ಕೊಟ್ಟ ಅಂಗಿ ತೊಟ್ಟಿದ್ದೆ. ಅದೇ ಕ್ಷಣಕ್ಕೆ ಚಾಲಕರು ಹಿಡಿ ತಿರುಗಿಸಿದರೆಂದು ಕಾಣುತ್ತದೆ. ತಾವು ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಕಪ್ಪನೆಯ ಹೊಗೆಯ ಒಂದು ಗೋಪುರವನ್ನೇ ಎಬ್ಬಿಸಿದಿರಿ. ಅದು ತೆಳ್ಳಗಾಗಿ ಇಳಿದದ್ದು ನನ್ನ ಹೆಗಲಿನ ಮೇಲೆ. ಜೊತೆಗೆ ಪ್ರಸಾದವಾಗಿ ಎರಡು ಹನಿ ಎಣ್ಣೆ. ಇದರ ಕಾರಣವನ್ನು ಆಮೇಲೆ ಕೇಳಿ ತಿಳಿದುಕೊಂಡೆ. ಚಾಲಕರು ವೇಗ ಕೇಳಿದ ಕೂಡಲೇ ಎಣ್ಣೆ ಒಳಕ್ಕೆ ನುಗ್ಗುತ್ತದಂತೆ. ಅದನ್ನು ಸುಡಲು ಬೇಕಾದ ಗಾಳಿಯನ್ನು ಒತ್ತಿ ಕೊಡುವ ಟರ್ಬೋಚಾರ್ಜರ್ ಮಾತ್ರ ನಿಧಾನಕ್ಕೆ ಎದ್ದು ತಿರುಗುತ್ತದಂತೆ. ಆ ನಡುವಿನ ಕೆಲವು ಕ್ಷಣ ಅರ್ಧಂಬರ್ಧ ಬೆಂದ ಎಣ್ಣೆಯೆಲ್ಲ ಆಕಾಶಕ್ಕೆ. ಊಟಕ್ಕೆ ಎಲೆ ಹಾಕಿ ಅನ್ನ ಬಡಿಸಿದ ಮೇಲೆ ಸಾರಿಗೆ ಒಲೆ ಹಚ್ಚುವ ಮನೆಗಳನ್ನು ನಾನು ಬಲ್ಲೆ. ಆ ಪದ್ಧತಿ ಅಮೆರಿಕದಲ್ಲೂ ಇತ್ತೆಂದು ತಿಳಿಸಿಕೊಟ್ಟಿರಿ. ಕೃತಜ್ಞ.

ಇದೇ ಹೊಗೆ ಉಗಿ ಎಂಜಿನ್ನಿನಿಂದ ಬಂದಿದ್ದರೆ ಅಂಗಿಯನ್ನು ಒಗೆಯದೆ ಮಡಚಿ ಇಟ್ಟುಕೊಳ್ಳುತ್ತಿದ್ದೆ ಎಂಬುದೂ ನಿಜ. ಇದು ಅನ್ಯಾಯವೆಂದು ತಾವು ಅನ್ನಬಹುದು.

ಅನ್ಯಾಯದ ಮಾತು ಬಂತಾದ್ದರಿಂದ, ಅದೇ ಪ್ಲಾಟ್‌ಫಾರಂನಲ್ಲಿ ಕಂಡ ಇನ್ನೊಂದು ದೃಶ್ಯವನ್ನೂ ಅರಿಕೆ ಮಾಡುತ್ತೇನೆ. ಕೆಳಗಿನಿಂದ ಉಗಿ ಎಂಜಿನ್ ಗಾಡಿಯನ್ನು ಹಿಂದಿನಿಂದ ನೂಕುತ್ತಾ, ಸುಸ್ತಾಗಿ, ಬೆವರುತ್ತಾ ಬಂದು ನಿಂತಿತು. ಜನ ಓಡಿದರು. ಮಕ್ಕಳನ್ನು ಎತ್ತಿ ಹಿಡಿದರು. ಒಬ್ಬ ತಂದೆ ಮಗಳಿಗೆ, “ನೋಡು ಪುಟ್ಟಿ, ಎಷ್ಟು ಹಳೇ ಎಂಜಿನ್ನು, ಬ್ರಿಟಿಷರ ಕಾಲದ್ದು!” ಎಂದ. ಈ ಮಾರ್ಗಕ್ಕೆಂದು 2011ರಿಂದೀಚೆಗೆ ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಖಾನೆಯಲ್ಲಿ ಹೊಚ್ಚಹೊಸ ಉಗಿ ಎಂಜಿನ್‌ಗಳನ್ನು ಕಟ್ಟಿ ಕಳಿಸಿದ್ದಾರೆ. ಅವುಗಳಲ್ಲೊಂದು ಬಂದು ನಿಂತ ದಿನವೂ ಜನ ಹೀಗೇ ಓಡುತ್ತಾರೆ, ತಂದೆಯರು ಹೀಗೇ ಹೇಳುತ್ತಾರೆ. ಆ ‘ಬ್ರಿಟಿಷರ ಕಾಲದ್ದು’ ಶಾಲೆಗೆ ಹೋಗಿದ್ದರೆ ಇನ್ನೂ ಕಾಲೇಜು ಮುಗಿಸಿರುತ್ತಿರಲಿಲ್ಲ. ಅದರ ಪಕ್ಕದ ಹಳಿಯ ಮೇಲೆ ಅದಕ್ಕಿಂತ ಎಷ್ಟೋ ವರ್ಷ ಹಿರಿಯರಾದ ತಾವು ನಿಂತಿರುತ್ತೀರಿ. ತಮ್ಮ ಕಡೆ ಯಾರೂ ತಿರುಗಿ ನೋಡುವುದಿಲ್ಲ. ತಿರುಗಿದವರೂ, “ಛೆ, ಈ ಹೊಸಾದು ಯಾಕೆ ಬಂತೋ” ಎನ್ನುತ್ತಾರೆ. ತಪ್ಪು ನಮ್ಮದಲ್ಲ ಸ್ವಾಮಿ. ಹಣೆಗೆ ವಿಭೂತಿ ಬಳಿದುಕೊಂಡ ಹುಡುಗನಿಗೂ ನಮಸ್ಕರಿಸುವ ಜನ ನಾವು. ತಾವು ಪ್ಯಾಂಟು ತೊಟ್ಟುಕೊಂಡು ಮುದುಕರಾದಿರಿ.

ಇನ್ನು ತಮ್ಮ ಸಂಯಮ. ಉಗಿ ಎಂಜಿನ್ನಿಗೆ ದಾರಿಯುದ್ದಕ್ಕೂ ಬಾಯಾರಿಕೆ. ಹಿಲ್‌ಗ್ರೋವ್‌ನಂಥ ಕಾಡಿನ ನಿಲ್ದಾಣದಲ್ಲಿ ಅದು ನೀರು ಕುಡಿಯುತ್ತಾ ನಿಂತರೆ ನಾವು ಇಳಿದು ಚಹಾ ಕುಡಿಯುತ್ತೇವೆ, ಕೈಲಿರುವ ವಡೆಯನ್ನು ಕೋತಿಗೆ ಕೊಡಬೇಕೋ ಬೇಡವೋ ಎಂದು ಯೋಚಿಸುವುದರೊಳಗೆ ಕೋತಿಯೇ ತೀರ್ಮಾನ ಮಾಡಿರುತ್ತದೆ. ತಮಗೆ ನೀರಿನ ಹಂಬಲವಿಲ್ಲ, ಕಲ್ಲಿದ್ದಲಿನ ಹಂಗಿಲ್ಲ. ನಿಲ್ಲಬೇಕಾದಲ್ಲಿ ನಿಂತು, ಹೊರಡಬೇಕಾದಲ್ಲಿ ಹೊರಟು, ಮುಟ್ಟಬೇಕಾದಲ್ಲಿ ಮುಟ್ಟಿಸಿಬಿಡುತ್ತೀರಿ. ರೈಲು ಹತ್ತಿದ್ದಕ್ಕೆ ಒಂದು ಕಥೆಯೂ ದಕ್ಕಲಿಲ್ಲ. ಇಷ್ಟು ದಕ್ಷರಾಗಿರಲು ತಮಗೆ ಯಾರು ಹೇಳಿದರು?

ತಮ್ಮ ಮುಖ ಯಾವುದು, ಬೆನ್ನು ಯಾವುದು ಎಂಬ ಸಂಶಯವೂ ನನ್ನನ್ನು ಕಾಡಿದೆ. ಒಂದು ಕಡೆ ಉದ್ದ ಮೂತಿ, ಇನ್ನೊಂದು ಕಡೆ ಗಿಡ್ಡ ಮೂತಿ. ಎರಡು ಕಡೆಗೂ ಅಷ್ಟೇ ಸಲೀಸಾಗಿ ಹೋಗುತ್ತೀರಿ. ಕಚೇರಿಯಲ್ಲಿ ಮೂವತ್ತು ವರ್ಷ ಕಳೆದ ನನಗೆ ಈ ಗುಣ ಹೊಸದೇನಲ್ಲ, ಬಡ್ತಿ ಸಿಗುತ್ತಿದ್ದುದು ಇಂಥವರಿಗೇ. ಆದರೂ ಹೂವಿನ ಹಾರ ತಂದ ಭಕ್ತ ಯಾವ ತುದಿಗೆ ಹಾಕಬೇಕು ಹೇಳಿ.

ಹಾರ ತರುವವರೂ ಇದ್ದಾರೆ ಎಂಬುದು ನನಗೆ ಗೊತ್ತಾದದ್ದು ನನ್ನ ಸೋದರಳಿಯನಿಂದ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ನಮ್ಮ ಜೊತೆ ಬಂದದ್ದು ಉಗಿಬಂಡಿಗಲ್ಲ, ತಮಗಾಗಿ. ಉಗಿ ಎಂಜಿನ್ ಬಂದಾಗ ಅವನು ಅದಕ್ಕೆ ಬೆನ್ನು ಹಾಕಿ ತಮ್ಮ ಎದುರು ಮೈಕು ಹಿಡಿದು ಕಣ್ಣು ಮುಚ್ಚಿ ನಿಂತಿದ್ದ. ನಾನು ಏನೋ ಕೇಳಲು ಹೋದೆ. “ಮಾವ, ಮಾತಾಡ್ಬೇಡಿ, ಆಲ್ಕೋ ರೆಕಾರ್ಡ್ ಆಗ್ತಿದೆ” ಎಂದ. ತಾವು ಸುಮ್ಮನೆ ನಿಂತು ಗುಡುಗುಡಿಸುತ್ತಿದ್ದಿರಿ, ಅಷ್ಟೆ. ಅದರಲ್ಲಿ ರೆಕಾರ್ಡ್ ಮಾಡುವಂಥದ್ದೇನು ಎಂದರೆ, ಆರು ಸಿಲಿಂಡರಿನ ಈ ತಾಳ ಬೇರೆ ಯಾವ ಎಂಜಿನ್ನಿನಲ್ಲೂ ಇಲ್ಲವಂತೆ. ತಮ್ಮ ದೊಡ್ಡಣ್ಣ, ಬ್ರಾಡ್ ಗೇಜಿನ ಡಬ್ಲ್ಯುಡಿಎಂ-2, ಅವರದು ಹದಿನಾರು ಸಿಲಿಂಡರಿನ ಮೇಳವಂತೆ. ತಮ್ಮದು ಒಂಟಿ ಮೃದಂಗ. ನಮ್ಮ ಮನೆಯಲ್ಲಿ ಸಂಗೀತ ಕಲಿಸಲು ಅವನಿಗೆ ಎಂಟು ವರ್ಷ ಮೇಷ್ಟರನ್ನು ಇಟ್ಟಿದ್ದರು. ತಾಳಜ್ಞಾನವೇ ಇಲ್ಲವೆಂದು ಮೇಷ್ಟರು ಕೈ ಚೆಲ್ಲಿದ್ದರು. ಈ ಅಪರಾಧವನ್ನು ತಮ್ಮ ಲೆಕ್ಕಕ್ಕೇ ಬರೆದುಕೊಂಡಿದ್ದೇನೆ.

ನಾನೂ ಕಣ್ಣು ಮುಚ್ಚಿ ನೋಡಿದೆ. ಅಲ್ಲೇ ಎಡವಟ್ಟಾದದ್ದು.

ಆ ಗುಡುಗುಡಿ ನನಗೆ ಗೊತ್ತಿತ್ತು. ಮೈಸೂರು–ಬೆಂಗಳೂರು ಮೀಟರ್ ಗೇಜ್ ಗಾಡಿಯಲ್ಲಿ, ಶನಿವಾರ ಊರಿಗೆ ಬಂದು ಭಾನುವಾರ ಸಂಜೆ ವಾಪಸು ಹೋಗುತ್ತಿದ್ದ ದಿನಗಳ ಸದ್ದು ಅದು. ಮದ್ದೂರಿನಲ್ಲಿ ವಡೆ ಮಾರುವವರು ಕಿಟಕಿಗೆ ಬುಟ್ಟಿ ಚಾಚುವಾಗ ಮುಂದೆಲ್ಲೋ ಕತ್ತಲಲ್ಲಿ ಇದೇ ತಾಳ ನಡೆಯುತ್ತಿರುತ್ತಿತ್ತು. ಮೊದಲ ಸಲ ತಮ್ಮನ್ನು ಕಂಡಾಗ ನನ್ನ ತಂದೆ, “ಇದಕ್ಕೆ ಜೀವ ಇಲ್ಲ ಕಣೋ, ಹೊಗೆಬಂಡಿ ಹೋದ ಮೇಲೆ ರೈಲಿನ ಮಾನ ಹೋಯ್ತು” ಎಂದಿದ್ದರು. ನಾನು ಆಗ ಹುಡುಗ. ಹೊಸದು ಬಂದಿದೆ, ಅಪ್ಪನಿಗೆ ಅರ್ಥವಾಗುವುದಿಲ್ಲ ಎಂದು ತಮ್ಮ ಪರವಾಗಿ ವಾದ ಮಾಡಿದ್ದೆ. ಐವತ್ತು ವರ್ಷದ ಮೇಲೆ ಕೂನೂರಿನಲ್ಲಿ ಅದೇ ಮಾತನ್ನು ನಾನು ಅಳಿಯನಿಗೆ ಹೇಳುತ್ತಿದ್ದೆ. ಅಪ್ಪನ ಧ್ವನಿಯಲ್ಲೇ.

ಬೆಂಗಳೂರಿನ ದಾರಿಯಿಂದ ತಮ್ಮನ್ನು ಓಡಿಸಿದವರೂ ನಮ್ಮವರೇ. 1992ರಲ್ಲಿ ದೇಶದ ಹಳಿಗಳನ್ನೆಲ್ಲ ಒಂದೇ ಅಗಲಕ್ಕೆ ತರುವ ಯೋಜನೆ ಹೊರಟಾಗ ರೈಲ್ವೆ ಮಂತ್ರಿ ಸಿ.ಕೆ. ಜಾಫರ್ ಷರೀಫ್. ಕರ್ನಾಟಕದವರು. ಮೀಟರ್ ಗೇಜ್ ಒಂದೊಂದೇ ಕಡೆ ಕಿತ್ತುಹೋಯಿತು. ತಮ್ಮ ಬಂಧುಗಳು ಕೆಲವರು ಮಲೇಷ್ಯಾ, ಮ್ಯಾನ್ಮಾರ್ ಎಂದು ಹೊಟ್ಟೆಪಾಡಿಗೆ ಹೋದರು, ಹೆಚ್ಚಿನವರು ಗುಜರಿಗೆ ಹೋದರು. ಉಳಿದವರಲ್ಲಿ ಒಬ್ಬರಿಗೆ ಮಧ್ಯಪ್ರದೇಶದ ಪಾತಾಳಪಾನಿಯಲ್ಲಿ 2018ರಿಂದ ಪಾರಂಪರಿಕ ರೈಲಿನ ಉದ್ಯೋಗ. ರಾಜಸ್ಥಾನದ ಕಡೆ ಒಬ್ಬರಿಗೆ ಉಗಿ ಎಂಜಿನ್ನಿನ ವೇಷ ಹಾಕಿಸಿ ಓಡಿಸುತ್ತಿದ್ದಾರಂತೆ. ಹೊಟ್ಟೆಗಾಗಿ ಹಗಲುವೇಷ ಎನ್ನುತ್ತಾರಲ್ಲ, ಹಾಗೆ. ತಮಗೆ ನೀಲಗಿರಿಯ ಮರ್ಯಾದೆಯ ಜಾಗ ಸಿಕ್ಕಿದೆ. 1908ರಲ್ಲಿ ಊಟಿ ಮುಟ್ಟಿದ, 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಳಿಯ ಮೇಲೆ, ವೇಷವಿಲ್ಲದೆ, ಸ್ವಂತ ಮುಖದಲ್ಲಿ ನಡೆದಾಡುತ್ತಿದ್ದೀರಿ. ಎರಡೂ ಮುಖದಲ್ಲಿ.

ನನ್ನ ನಿಜವಾದ ದೂರು ಇಲ್ಲಿದೆ, ಕಿವಿಗೊಡಬೇಕು. ಅಳಿಯ ತಮ್ಮನ್ನು ‘ವಿಂಟೇಜ್’ ಎನ್ನುತ್ತಾನೆ. ಅಪರೂಪದ್ದಂತೆ, ಉಳಿಸಿಕೊಳ್ಳಬೇಕಂತೆ, ಮುಂದೆ ಮ್ಯೂಸಿಯಮ್ಮಿನಲ್ಲಿ ಇಡಬೇಕಂತೆ. ಇರಲಿ, ಸಂತೋಷ. ಆದರೆ ತಾವು ಹೊಸ ಪ್ಲಾಸ್ಟಿಕ್ಕಿನ ಹಾಗೆ ಹೊಳೆಯುತ್ತಾ ಮೈಸೂರಿಗೆ ಬಂದದ್ದನ್ನು ನಾನು ನಿಂತು ನೋಡಿದ್ದೇನೆ. ತಾವು ಪರಂಪರೆಯಾದರೆ ನಾನು ಯಾರು? ಈ ಲೆಕ್ಕವನ್ನು ನನ್ನ ಅನುಮತಿಯಿಲ್ಲದೆ, ಅದೂ ಸಾರ್ವಜನಿಕ ಪ್ಲಾಟ್‌ಫಾರಂನಲ್ಲಿ, ಮನೆಯವರ ಎದುರಿಗೆ ತಾವು ಬಿಚ್ಚಬಾರದಿತ್ತು.

ಕೊನೆಗೆ ಎರಡು ವಿನಮ್ರ ಪ್ರಾರ್ಥನೆ. ಒಂದು, ಹೊಗೆ ಎಬ್ಬಿಸುವ ಮುನ್ನ ದಯವಿಟ್ಟು ಒಮ್ಮೆ ಹಾರ್ನ್ ಮಾಡುವುದು. ಎರಡು, ಕೇತ್ತಿಯ ತಿರುವಿನಲ್ಲಿ ಕಣಿವೆ ಪೂರ್ತಿ ಕಾಣುವ ಜಾಗವಿದೆ, ಅಲ್ಲಿ ಏನಾದರೊಂದು ನೆಪ ಹೇಳಿ ಐದು ನಿಮಿಷ ಕೆಟ್ಟು ನಿಲ್ಲುವುದು. ಚಹಾ ನಾವೇ ತರುತ್ತೇವೆ.

ಇಂತಿ ತಮ್ಮ ವಿಧೇಯ,
ಬಿಳಿ ಅಂಗಿಯವನು

ತಾ.ಕ.: ಅಳಿಯ ಆ ರೆಕಾರ್ಡಿಂಗನ್ನು ನನ್ನ ಮೊಬೈಲಿಗೂ ಕಳಿಸಿದ. ನಲವತ್ತು ನಿಮಿಷ, ತಾವು ನಿಂತಲ್ಲೇ ನಿಂತು ಗುಡುಗುಡಿಸುವುದು ಬಿಟ್ಟರೆ ಬೇರೇನೂ ಇಲ್ಲ. ಜಾಗ ಸಾಲದೆ ಊಟಿಯ ಬೊಟಾನಿಕಲ್ ಗಾರ್ಡನ್ನಿನಲ್ಲಿ ತೆಗೆದ ನಮ್ಮಿಬ್ಬರ ಫೋಟೋಗಳನ್ನು ಅಳಿಸಬೇಕಾಯಿತು. ಮನೆಯವರಿಗೆ ಇನ್ನೂ ಗೊತ್ತಾಗಿಲ್ಲ. ಈ ಪತ್ರ ಬಹಿರಂಗವಾದರೂ ಈ ಒಂದು ಸಾಲು ನಮ್ಮಿಬ್ಬರಲ್ಲೇ ಇರಲಿ.