ಸೊನ್ನೆ ರೂಪಾಯಿಯ ಟಿಕೀಟು

ಇಂಥ ಕಾಕಾ ಒಬ್ಬರಾದರೂ ಇಲ್ಲದ ಗಲ್ಲಿ ಸೊಲ್ಲಾಪುರದಲ್ಲಿ ಸಿಗಲಾರದು. ಬೆಳಿಗ್ಗೆ ಆರಕ್ಕೇ ಕಟ್ಟೆ ಹಿಡಿದು, ಪಕ್ಕದ ಮನೆಯ ಮರಾಠಿ ಪೇಪರನ್ನು ಆ ಮನೆಯವರಿಗಿಂತ ಮೊದಲು ಓದಿ, ಮಡಿಕೆ ಕೆಡದಂತೆ ಮತ್ತೆ ಅವರ ಬಾಗಿಲಿಗೇ ಸಿಕ್ಕಿಸಿ ಬರುತ್ತಾರೆ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಮಗ್ಗದವರ ಜೊತೆ ತೆಲುಗು. ಮೂರೂ ಭಾಷೆಯಲ್ಲಿ ತಡವರಿಸದೆ ಬರುವ ಮಾತು ಮಾತ್ರ ಒಂದೇ: 'ಭಾಳ ಆತು, ಒಂದೀಟು ಕಡಿಮಿ ಮಾಡ್ರಿ.'

ನಮ್ಮ ಗಲ್ಲಿಯ ಕಾಕಾರನ್ನು ಜುಗ್ಗ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜುಗ್ಗನಿಗೆ ರೊಕ್ಕ ಕೈಬಿಡುವಾಗ ಸಂಕಟ. ಕಾಕಾರಿಗೆ ವಸ್ತು ಮನೆ ಬಿಡುವಾಗ ಸಂಕಟ. ಸೊಲ್ಲಾಪುರದ ಚಾದರಕ್ಕೆ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿದೆ, ಸರಿ. ಆದರೆ ಅದರ ಬಾಳಿಕೆ ಎಷ್ಟು ಎಂಬ ಪರೀಕ್ಷೆ ನಡೆದಿರುವುದು ಕಾಕಾರ ಮನೆಯಲ್ಲೇ. 1976ರಲ್ಲಿ ಮದುವೆಗೆ ಬಂದ ನವಿಲಿನ ಚಾದರವನ್ನು ಇಪ್ಪತ್ತು ವರ್ಷ ಹೊದ್ದರು. ಅಂಚು ಹರಿದ ಮೇಲೆ ಗಾದಿಯ ಮೇಲೆ ಹಾಸಿದರು. ನಡು ತೆಳುವಾದಾಗ ಅದು ಅವರ ಹೆಂಡತಿ ಕಾಕುವಿನ ಹಪ್ಪಳ ಹೊತ್ತು ಮಾಳಿಗೆ ಹತ್ತಿತು. ಆಮೇಲೆ ಎರಡು ತುಂಡಾಗಿ, ಒಂದು ಬಚ್ಚಲ ಮುಂದೆ ಕಾಲೊರಸಾಗಿ ಬಿತ್ತು, ಇನ್ನೊಂದು ನೀರಿನ ಡ್ರಮ್ಮಿಗೆ ಮುಚ್ಚಳದ ಮೇಲಿನ ಮುಚ್ಚಳವಾಯಿತು. (ನಳಕ್ಕೆ ದಿನಾ ನೀರು ಬಾರದ ಊರಿನಲ್ಲಿ ಡ್ರಮ್ಮು ಮನೆಯ ಹಿರಿಯ ಸದಸ್ಯನಿದ್ದಂತೆ.) ಈಗ ನವಿಲಿನ ಕೊಕ್ಕು ಮಾತ್ರ ಉಳಿದಿರುವ ಅಂಗೈಯಗಲದ ಚೂರು ಕಾಕಾರ ಲೂನಾದ ಸೀಟು ಒರೆಸುತ್ತದೆ. ಅದನ್ನು ತೋರಿಸಿ ಅವರು ಹೇಳುವುದು: 'ಇನ್ನಾ ಗಟ್ಟಿ ಅದ.'

ಮಗ ಪುಣೆಯಲ್ಲಿ ನೌಕರಿ ಮಾಡುತ್ತಾನೆ. ಒಮ್ಮೆ ಮೇ ತಿಂಗಳಲ್ಲಿ ಅಪ್ಪನನ್ನು ಕರೆದೊಯ್ದು ಎ.ಸಿ. ಕೋಣೆಯಲ್ಲಿ ಮಲಗಿಸಿದ. ನಡುರಾತ್ರಿ ಮೊಮ್ಮಗ ಚಳಿಗೆ ಮುದುಡಿ, ಅಜ್ಜ ಒಯ್ದಿದ್ದ ಚಾದರವನ್ನೇ ಎಳೆದು ಹೊದ್ದುಕೊಂಡನಂತೆ. ಗಲ್ಲಿಗೆ ಮರಳಿದ ಕಾಕಾರಿಗೆ ಒಂದು ತಿಂಗಳಿಗಾಗುವಷ್ಟು ಮಾತು ಸಿಕ್ಕಿತು. 'ಮೊದಲ ರೊಕ್ಕ ಕೊಟ್ಟು ಥಂಡಿ ತರೂದು, ಆಮ್ಯಾಲೆ ಚಾದರ ಹೊಚ್ಚಿಕೊಂಡು ಆ ಥಂಡಿ ಓಡಸೂದು. ಇದಕ್ಕ ಶ್ಯಾಣ್ಯಾತನ ಅಂತಾರ!'

ಜನರ ಟೀಕೆಗೆ ಅವರ ಬಳಿ ಉತ್ತರ ಸದಾ ತಯಾರು. 'ಕಾಕಾ, ಹೊಸಾ ಫೋನ್ ತಗೋಬಾರ್ದೇನ್ರಿ?' ಎಂದು ಕೇಳಿದರೆ, 'ಯಾಕ, ಇದರಾಗ ಮಾತಾಡಿದ್ದು ನಿನಗ ಕೇಳಸೂದಿಲ್ಲೇನು?' ಅಂಗಿಯ ಕಾಲರು ತಿರುವಿ ಹೊಲಿಸಿದ್ದನ್ನು ಕಂಡು ಯಾರಾದರೂ ನಕ್ಕರೆ, 'ನಿನ್ನ ಅಂಗಿಗೆ ಒಂದ ಮಗ್ಗಲು, ನನ್ನದಕ್ಕ ಎರಡು.' ಇದನ್ನೆಲ್ಲ ಕೇಳಿದವರು ಕಾಕಾ ಯಾರಿಗೂ ಕ್ಯಾರೇ ಅನ್ನುವುದಿಲ್ಲ ಎಂದುಕೊಳ್ಳುತ್ತಾರೆ. ಸುಳ್ಳು. ಎದುರುಮನೆಯವನಿಗೆ ಹೊಸ ಕಾರನ್ನು ನಾಲ್ಕು ಮಂದಿ ನೋಡಬೇಕು. ಕಾಕಾರಿಗೆ ಹಳೆಯ ಕಾಲರನ್ನು ನಾಲ್ಕು ಮಂದಿ ನೋಡಬೇಕು. ಒಂದು ವಾರ ಯಾರೂ ಏನೂ ಕೇಳದಿದ್ದರೆ ತಾವೇ ಕಟ್ಟೆಯ ಮೇಲೆ ಕೊರಳು ಎತ್ತಿ, ಕಾಲರು ಕಾಣುವ ಹಾಗೆ ಕೂಡುತ್ತಾರೆ.

ಈ ಗುಣ ಎಲ್ಲಿಂದ ಬಂತು ಎಂದು ಬಹಳ ಹುಡುಕಬೇಕಿಲ್ಲ. ಅವರ ಅಪ್ಪ ಗಿರಣಿ ಕಾರ್ಮಿಕ. ಗಿರಣಿಯ ಭೋಂಗಾ, ಅಂದರೆ ಸೈರನ್, ಕೂಗಿದರೆ ಒಲೆ ಹೊತ್ತುವ ಮನೆ ಅದು. ಆ ಭೋಂಗಾಗಳು ಒಂದರ ಹಿಂದೆ ಒಂದು ನಿಂತುಹೋದದ್ದನ್ನು ಈ ಊರು ಕಂಡಿದೆ. ಆ ಮನೆಯ ದಿನದೂಟವಾಗಿದ್ದ ಕಡಕ್ ಭಾಕರಿ, ಶೇಂಗಾ ಚಟ್ನಿಯನ್ನು ಈಗ ಊರವರು ಪ್ಯಾಕೆಟ್ಟಿನಲ್ಲಿ ಮಾರುತ್ತಾರೆ. ಅದರ ಬೆಲೆ ಕೇಳಿ ಕಾಕಾ ನಕ್ಕರು; ಬೆಲೆ ಕೇಳಿ ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸಂಕ್ರಾಂತಿಗೆ ಸಿದ್ಧೇಶ್ವರನ ಗಡ್ಡಾ ಜಾತ್ರೆ. ಏಳು ನಂದಿಧ್ವಜಗಳ ಹಿಂದೆ ಬಿಳಿ ಬಾರಾಬಂದಿ ತೊಟ್ಟ ಜನಸಾಗರ. ವರ್ಷದಲ್ಲಿ ಆ ಒಂದು ದಿನ ಕಾಕಾರ ಮೂವತ್ತು ವರ್ಷದ ಬಾರಾಬಂದಿಗೂ ಬಿಲ್ಡರನ ಹೊಸದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಕಾಕಾರಿಗೆ ಅದು ಅಷ್ಟೇನೂ ಹಿಡಿಸುವುದಿಲ್ಲ. ಸಂಜೆ ಅಂಗಡಿಗಳ ಸಾಲು ಹೊಕ್ಕು ಎಲ್ಲದರ ಬೆಲೆ ಕೇಳುತ್ತಾರೆ, ಏನೂ ಕೊಳ್ಳುವುದಿಲ್ಲ. ಹೋದ ವರ್ಷ ಮನೆಗೆ ಬಂದು ಲೆಕ್ಕ ಒಪ್ಪಿಸಿದರು: 'ಇವತ್ತ ಎರಡು ಸಾವಿರದ ನಾಕನೂರು ರೂಪಾಯಿ ಉಳಿಸಿದ್ನಿ ನೋಡು.'

ಕಾಕು ಭಾಕರಿ ಬಡಿಯುವುದನ್ನು ನಿಲ್ಲಿಸಲಿಲ್ಲ. 'ಹೌದೇನ್ರಿ? ಹಂಗಾರ ಉಳದ ರೊಕ್ಕದಾಗ ನನಗೊಂದು ಇಳಕಲ್ ಸೀರಿ ತರ್ರಿ.'

ಕಾಕಾರ ಬಳಿ ಉತ್ತರವಿಲ್ಲದ ಮಾತು ನನ್ನ ಲೆಕ್ಕದಲ್ಲಿ ಇದೊಂದೇ.

ಅಕ್ಕಲಕೋಟೆ ನಮಗೆ ನಲವತ್ತು ಕಿಲೋಮೀಟರು. ಸ್ವಾಮಿ ಸಮರ್ಥರ ದರ್ಶನಕ್ಕೆ ಹೋಗೋಣ ಎಂದು ಕಾಕು ವರ್ಷದಿಂದ ಹೇಳುತ್ತಿದ್ದರು. ಕಾಕಾ ಮುಂದೂಡುತ್ತಲೇ ಇದ್ದರು: 'ಸ್ವಾಮಿಗಳು ಎಲ್ಲಿ ಹೋಗ್ತಾರ? ಇನ್ನೊಂದ ಸ್ವಲ್ಪ ತಡಿ.' ಕಾರಣ ಆಮೇಲೆ ತಿಳಿಯಿತು. ಮಹಾರಾಷ್ಟ್ರದ ಎಸ್.ಟಿ. ಬಸ್ಸಿನಲ್ಲಿ 65 ದಾಟಿದವರಿಗೆ ಅರ್ಧ ಟಿಕೀಟು; 2022ರ ಆಗಸ್ಟಿನಿಂದ 75 ದಾಟಿದವರಿಗೆ ಪೂರ್ತಿ ಮಾಫಿ. ಕಾಕಾ ಎಪ್ಪತ್ತೈದು ತುಂಬುವುದನ್ನು ಕಾಯುತ್ತಿದ್ದರು. ತುಂಬಿದ ಮರುದಿನವೇ ಹೊರಟರು. ನಾನೂ ಜೊತೆಗಿದ್ದೆ.

ದೇವಸ್ಥಾನದ ಬಾಗಿಲಲ್ಲಿ ಒಂದು ಕಪ್ಪು, ಒಂದು ಕಂದು ಚಪ್ಪಲಿ ಬಿಟ್ಟು ಆರಾಮಾಗಿ ಒಳಗೆ ಹೋದರು. ನನ್ನ ಗಮನವೆಲ್ಲ ನನ್ನ ಹೊಸ ಜೋಡಿನ ಮೇಲೇ ಇದ್ದುದರಿಂದ ದರ್ಶನ ಅಷ್ಟಕ್ಕಷ್ಟೆ. ಅನ್ನಛತ್ರದಲ್ಲಿ ಕಾಕಾ ಉಂಡ ತಟ್ಟೆಯನ್ನು ತೊಳೆಯುವವರು ನೋಡಿ, ಇದು ಉಂಡದ್ದೋ ಉಣಬೇಕಾದದ್ದೋ ಎಂದು ಒಂದು ಗಳಿಗೆ ತಡೆದರು.

ಮರಳುವ ಬಸ್ಸಿನಲ್ಲಿ ಕಂಡಕ್ಟರ್ ಆಧಾರ ಕಾರ್ಡು ನೋಡಿ ಕಾಕಾರಿಗೆ ಸೊನ್ನೆ ರೂಪಾಯಿಯ ಟಿಕೀಟು ಹರಿದು ಕೊಟ್ಟ. 2023ರಿಂದ ಹೆಂಗಸರಿಗೆ ಅರ್ಧ, ಹಾಗಾಗಿ ಕಾಕುವಿಗೆ ಅರ್ಧ. ಹೋಗುವಾಗಿನ ಸೊನ್ನೆ ಆಗಲೇ ಕಾಕಾರ ಕಿಸೆಯಲ್ಲಿತ್ತು. ಎರಡನ್ನೂ ಜೋಡಿಸಿ, ಅಂಚಿಗೆ ಅಂಚು ಕೂಡಿಸಿ ಮಡಚಿ ಇಟ್ಟುಕೊಂಡರು. ಆಮೇಲೆ ನನ್ನ ಕೈಲಿದ್ದ ಪೂರ್ತಿ ಟಿಕೀಟನ್ನು ಓದಿ, ಮುಖ ಸಣ್ಣದು ಮಾಡಿ ಕೇಳಿದರು:

'ನಿನಗೀಗ ಎಷ್ಟು?'

'ನಲವತ್ತೇಳ್ರಿ, ಕಾಕಾ.'

ಬೆರಳು ಮಡಚಿ ಎಣಿಸಿದರು. 'ಹದಿನೆಂಟು ವರ್ಷಕ್ಕ ಅರ್ಧ. ಇಪ್ಪತ್ತೆಂಟಕ್ಕ ಪೂರಾ.' ನನ್ನ ಭುಜದ ಮೇಲೆ ಕೈಯಿಟ್ಟರು. 'ತಡಕೋಪಾ.'