ಟೋಕನ್ ಕಾಕಾ

ಅಥಣಿ, ಕಾಗವಾಡದ ಸೀಮೆಯಲ್ಲಿ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮಕ್ಕಳ ಉಚಿತ ತಪಾಸಣಾ ಶಿಬಿರಗಳೂ ಶುರುವಾಗುತ್ತವೆ. ಡಾಕ್ಟರು ಬೆಳಗಾವಿಯಿಂದಲೋ ಗಡಿಯಾಚೆಯ ಮಿರಜದಿಂದಲೋ ಬರುತ್ತಾರೆ. ಔಷಧ ಯಾವುದೋ ಟ್ರಸ್ಟಿನದು, ಜಾಗ ಶಾಲೆಯದು. ಇವರೆಲ್ಲ ಬಂದು ಸೇರುವುದಕ್ಕೆ ಮೊದಲೇ ಗೇಟಿನಲ್ಲಿ ಕೊರಳಿಗೆ ಬ್ಯಾಡ್ಜ್ ತೂಗುಹಾಕಿಕೊಂಡು ನಿಂತವರೇ ಟೋಕನ್ ಕಾಕಾ. ಒಂದೂರಲ್ಲಿ ನಿವೃತ್ತ ಹೆಡ್‌ಮಾಸ್ತರು, ಇನ್ನೊಂದೂರಲ್ಲಿ ಸೊಸೈಟಿಯ ಮಾಜಿ ಸೆಕ್ರೆಟರಿ. ಬ್ಯಾಡ್ಜು ಹೋದ ವರ್ಷದ ಶಿಬಿರದ್ದು. ಅದರ ಮೇಲೆ ‘ನೇತ್ರ ತಪಾಸಣೆ’ ಎಂದು ದಪ್ಪಕ್ಷರದಲ್ಲಿದ್ದರೂ ಕಾಕಾನಿಗೆ ಮಾತ್ರ ಕಾಣುವುದಿಲ್ಲ.

ಕಾಕಾ ವೈದ್ಯಕೀಯ ಓದಿದವರಲ್ಲ. ಆದರೆ “ನಾ ಹುಟ್ಟಿದ್ದ ಮಿರಜ ದವಾಖಾನ್ಯಾಗ” ಎನ್ನುವುದನ್ನು ಡಿಗ್ರಿಯಂತೆ ಹೇಳಿಕೊಳ್ಳುತ್ತಾರೆ. ಮಿಷನರಿ ಡಾಕ್ಟರ್ ವಾನ್‌ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದ ಮೇಲೆ ಈ ಕಡೆಯವರಿಗೆ ದೊಡ್ಡ ಬೇನೆ ಎಂದರೆ ಮಿರಜ ಎಂದಾಗಿಬಿಟ್ಟಿದೆ. ಗಡಿ ಗಲಾಟೆಯಾದಾಗ ಎರಡೂ ರಾಜ್ಯದ ಬಸ್ಸು ನಿಲ್ಲುತ್ತವೆ; ಮಕ್ಕಳ ಭೇದಿ ನಿಲ್ಲುವುದಿಲ್ಲ.

ಕಾಕಾನ ಸಿಂಹಾಸನ ತೂಕದ ಕೊಕ್ಕೆಯ ಪಕ್ಕದಲ್ಲಿ. ಜೋಳಿಗೆಯಲ್ಲಿ ಕೂತು ಕಿರುಚುವ ಕೂಸಿನ ಕಾಲಲ್ಲಿ ಗೆಜ್ಜೆ ಕಂಡರೆ ತೂಕ ಅಲ್ಲಿಗೇ ಬಂದ್. “ಕಾಲಗಡಗ ತಗೀರಿ ಬಾಯಿ, ನಮಗ ಕೂಸಿನ ತೂಕ ಬೇಕು, ಬೆಳ್ಳೀದಲ್ಲ.” ಆಮೇಲೆ ಮುಳ್ಳು ನೋಡಿ “ಏಳೂ ಕಾಲು!” ಎಂದು ಅಡತಿ ಅಂಗಡಿಯ ಸವಾಲಿನಂತೆ ಕೂಗುತ್ತಾರೆ. ಬರೆದುಕೊಳ್ಳುವ ನರ್ಸಮ್ಮ ಒಂದೇ ಮಾರು ದೂರದಲ್ಲಿರುತ್ತಾಳೆ. ದೊಡ್ಡವರು ಮಂಡಿನೋವು, ಬಿಪಿ ಎಂದು ಸಾಲಿಗೆ ನುಸುಳಿದರೆ ದಯೆಯಿಲ್ಲ: “ಹಲ್ಲು ಬಂದವರಿಗೂ ಇಲ್ಲಿ ಟೋಕನ್ ಕಷ್ಟ, ಹಲ್ಲು ಬಿದ್ದವರಿಗೆ ಎಲ್ಲಿಂದ ಕೊಡ್ಲಿ?”

ಇನ್ನು ಅನುವಾದ. ಎಳೆಯ ಡಾಕ್ಟರು “ಓಆರ್‌ಎಸ್ ಕುಡಿಸಲಿ, ಝಿಂಕ್ ಹದಿನಾಲ್ಕು ದಿನ” ಎಂದು ಮುಗಿಸಿದರೆ, ಕಾಕಾನ ಮರಾಠಿಗನ್ನಡದಲ್ಲಿ ಅದು ಹರಿಕಥೆಯಷ್ಟು ಉದ್ದವಾಗುತ್ತದೆ. ಕಬ್ಬು ಕಡಿಯುವವರ ಯಾವ ಟೋಳಿ, ಬೀಡ ಜಿಲ್ಲೆಯ ಯಾವ ಊರು, ಅತ್ತೆ ಜೊತೆಗೆ ಬಂದಿದ್ದಾಳೋ ಇಲ್ಲವೋ ಎಲ್ಲ ಅದರೊಳಗೆ. “ನಾನು ಅಷ್ಟು ಹೇಳಲಿಲ್ಲವಲ್ಲ” ಎಂದರೆ, “ನೀವು ಬಿಟ್ಟಿದ್ದು ಸೇರಸೇನ್ರಿ.” ಸೇರಿಸುವುದೂ ನಿಜ. ಮೂರನೇ ದಿನಕ್ಕೆ ಭೇದಿ ನಿಂತರೆ ತಾಯಂದಿರು ಗುಳಿಗೆ ನಿಲ್ಲಿಸಿಬಿಡುತ್ತಾರೆಂದು ಕಾಕಾನಿಗೆ ಗೊತ್ತು. ಓಆರ್‌ಎಸ್ ಪೊಟ್ಟಣಕ್ಕೆ ಒಂದು ಲೀಟರ್ ನೀರು ಎಂದರೆ ಕಬ್ಬಿನ ಗದ್ದೆಯ ಗುಡಿಸಲಿನಲ್ಲಿ ಲೀಟರನ್ನು ಅಳೆಯುವುದು ಯಾವುದರಲ್ಲಿ? ಅದಕ್ಕೇ ಉದ್ಘಾಟನೆಯ ವೇದಿಕೆಯಲ್ಲಿ ಗಣ್ಯರ ಮುಂದೆ ಲೀಟರ್ ಬಾಟಲಿಯೇ ಇಡಬೇಕೆಂದು ಅವರ ಹಟ. ಭಾಷಣ ಮುಗಿಯುತ್ತಿದ್ದಂತೆ ಬಾಟಲಿಗಳನ್ನೆಲ್ಲ ಬಾಚಿ ತಾಯಂದಿರಿಗೆ ಹಂಚುತ್ತಾರೆ. ಅಧ್ಯಕ್ಷೀಯ ಭಾಷಣದಿಂದ ಸಮಾಜಕ್ಕೆ ಆದ ಉಪಯೋಗ ಅಷ್ಟೇ ಎಂದು ನನ್ನ ಲೆಕ್ಕ.

ಒಂದು ಶಿಬಿರದಲ್ಲಿ ಮಧ್ಯಾಹ್ನದ ಹೊತ್ತಿಗೆ ಒಂದು ಕೂಸಿನ ತೋಳಿಗೆ ಸುತ್ತಿದ ಪಟ್ಟಿ ಕೆಂಪಿಗೆ ನಿಂತಿತು. ಕೆಂಪೆಂದರೆ ತೋಳಿನ ಸುತ್ತಳತೆ ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆ. ಜ್ವರವೂ ಇತ್ತು, ಕೂಸು ಏನು ಕೊಟ್ಟರೂ ಬಾಯಿ ತೆರೆಯಲೊಲ್ಲದು. ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ತಾಯಿಯೊಂದಿಗೆ ಎರಡು ವಾರ ಇರಬೇಕೆಂದರು ಡಾಕ್ಟರು. ತಾಯಿ ಎದ್ದು ಹೊರಟೇಬಿಟ್ಟಳು. ಟೋಳಿಯ ಲೆಕ್ಕದಲ್ಲಿ ಗಂಡ ಹೆಂಡಿರು ಸೇರಿದರೆ ಒಂದು ಕೊಯ್ತಾ, ಅಂದರೆ ಒಂದು ಕುಡುಗೋಲು; ಹಂಗಾಮಿಗೆ ಮುಂಚೆಯೇ ಉಚಲ್ ಎಂಬ ಮುಂಗಡ ತೆಗೆದುಕೊಂಡಾಗಿದೆ; ಒಬ್ಬರು ತಪ್ಪಿಸಿದರೂ ಟೋಳಿಯ ಮೇಸ್ತ್ರಿ ಮುಕಾದಮ ಖಾಡಾ ಎಂದು ದಿನದಿನದ ದಂಡ ಹಾಕುತ್ತಾನೆ. ಇದನ್ನು ಅವಳು ಡಾಕ್ಟರಿಗೆ ಹೇಳಲಿಲ್ಲ. ಹೇಳಿದ್ದು ಕಾಕಾನಿಗೆ, ಅದೂ ಮೂರು ಮಾತಿನಲ್ಲಿ.

ಕಾಕಾ ಬ್ಯಾಡ್ಜ್ ನೆಟ್ಟಗೆ ಮಾಡಿಕೊಂಡು ಗೇಟಿನಾಚೆ ಬೈಕಿನ ಮೇಲೆ ಕೂತಿದ್ದ ಮುಕಾದಮನ ಬಳಿ ಹೋದರು. ಡಿಸಿ ಸಾಹೇಬರು ತಮಗೆ ಖಾಸಾ ಎಂದರು. ಸಾಂಗ್ಲಿಯ ಕಲೆಕ್ಟರೂ ಖಾಸಾ ಎಂದರು, ಗಡಿಯ ಎರಡೂ ಕಡೆ ಬಂದೋಬಸ್ತು ಇರಲೆಂದು. ಮುಕಾದಮ ಅಲುಗಲಿಲ್ಲ. “ಮುಖ ಯಾಕ ಹಿಂಗ ಕೆಂಪಾಗೇತಿ? ತಲಿ ತಿರಗತೈತೇನು?” ಎಂದು ಕಾಕಾ ದನಿ ತಗ್ಗಿಸಿದಾಗ ಮಾತ್ರ ಅವನ ಕೈ ಹಣೆಗೆ ಹೋಯಿತು. ಹತ್ತು ನಿಮಿಷದ ಕುಸುಕುಸು ನಡೆಯಿತು. ತಾಯಿಗೆ ಎರಡು ವಾರದ ಖಾಡಾ ಮಾಫಿ ಆಯಿತು, ಆಂಬುಲೆನ್ಸಿಗೆ ಫೋನು ಹೋಯಿತು. ಮಕ್ಕಳ ಸಾಲಿನಲ್ಲಿ, ಅಜ್ಜಿಯ ಸೊಂಟದ ಮೇಲಿನ ಒಂದು ಕೂಸಿನ ಹಿಂದೆ, ಮೀಸೆಯ ಮುಕಾದಮ ಟೋಕನ್ ಹಿಡಿದು ಬಿಪಿಗೆ ನಿಂತ.

“ಕಾಕಾ, ನಮಗೂ?” ಎಂದಳು ಬೆಳಗಿನಿಂದ ಕಾದಿದ್ದ ಮಂಡಿನೋವಿನ ಮುದುಕಿ.

“ನಿನ್ನ ಕೈಯಾಗ ಎಷ್ಟು ಕೊಯ್ತಾ ಅದಾವ ಹೇಳು,” ಎಂದರು ಕಾಕಾ.