ಮಳೆಗಾಲಕ್ಕೂ ಆಗುವ ಪಾರ್ಕು

“ಮಂಗಳೂರಿಗೆ ಹೊಳೆ ಎರಡುಂಟು, ದಡದಲ್ಲಿ ಕೂತುಕೊಳ್ಳಲಿಕ್ಕೆ ಒಂದು ಜಾಗ ಇಲ್ಲ” ಎಂದು ಪಾಗಾರದ ಈಚೆಯಿಂದ ನಾನು ಅಂದದ್ದೇ ತಡ, ಲಿಲ್ಲಿ ಬಾಯಿ ಬಸಳೆ ಚಪ್ಪರ ಬಿಟ್ಟು ಬಂದರು.

“ಯಾಕೆ ಮಾಸ್ಟ್ರೇ, ಕದ್ರಿ ಪಾರ್ಕ್ ಉಂಟಲ್ಲ?”

ಕದ್ರಿ ಪಾರ್ಕು ಚಂದವೇ. ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ಊರಿಗೆ ಊರೇ ಅಲ್ಲಿರುತ್ತದೆ. ಆದರೆ ಅದು ಗುಡ್ಡದ ಪಾರ್ಕು, ಹೊಳೆಯ ಗಾಳಿ ಎಲ್ಲಿಂದ ಬರಬೇಕು? ಗುರುಪುರ ಹೊಳೆಯ ಕಡೆಗೆ ಹೋದರೆ ಪಿಲಿಕುಳ ಇದೆ, ಸುಮಾರು 370 ಎಕರೆ. ಪ್ರಾಣಿಗಳು, ತಾರಾಲಯ, ಗುತ್ತಿನ ಮನೆ, ಎಲ್ಲ ಇವೆ. ನೆಂಟರು ಬಂದಾಗ ಬುತ್ತಿ ಕಟ್ಟಿಕೊಂಡು, ಟಿಕೆಟ್ ತೆಗೆದು ಇಡೀ ದಿನ ಕಳೆಯುವ ಜಾಗ ಅದು. ಸಂಜೆ ಚಾ ಕುಡಿದು ಚಪ್ಪಲಿ ಮೆಟ್ಟಿ ಹೊರಟು ಕತ್ತಲಾಗುವ ಮೊದಲು ಮನೆ ಸೇರುವಂಥದ್ದಲ್ಲ.

“ಮತ್ತೆ ಸ್ಮಾರ್ಟ್ ಸಿಟಿಯವರದ್ದು?”

ಅದನ್ನು ಹೇಳದೆ ಬಿಡುವ ಹಾಗಿಲ್ಲ. ನೇತ್ರಾವತಿಯ ರೈಲ್ವೆ ಸೇತುವೆಯಿಂದ ಬೋಳಾರದವರೆಗೆ 2.1 ಕಿಲೋಮೀಟರ್ ಕಾಲುದಾರಿ, 70 ಕೋಟಿ ರೂಪಾಯಿಯ ಯೋಜನೆ. ಹೊಳೆಗೆ ಬೆನ್ನು ಹಾಕಿ ಕೂತ ಊರನ್ನು ಒಮ್ಮೆ ಆಚೆ ತಿರುಗಿಸುವ ಆಲೋಚನೆ ಒಳ್ಳೆಯದೇ. ಆದರೆ ದಡದ ಕಾಂಡ್ಲಾ ಗಿಡಗಳ ವಿಷಯದಲ್ಲಿ ತಕರಾರು ಎದ್ದು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಕಾಂಡ್ಲಾ ಇರುವ ಜಾಗ ಮೊದಲ ವರ್ಗದ ರಕ್ಷಿತ ಜಾಗ. ಲಿಲ್ಲಿ ಬಾಯಿಗೆ ಆ ನಿಯಮ ಗೊತ್ತಿಲ್ಲ, ಮೀನು ಗೊತ್ತು. “ಅದರ ಬೇರಿನ ಎಡೆಯಲ್ಲೇ ಅಲ್ವಾ ಮಾರಾಯ್ರೆ ಏಡಿ, ಸಿಗಡಿ ಮರಿಯೆಲ್ಲ ದೊಡ್ಡ ಆಗುವುದು? ಅದನ್ನು ತೆಗೆದು ಬೆಂಚು ಹಾಕಿದರೆ ಬೆಂಚನ್ನು ಸಾರು ಮಾಡ್ಲಿಕ್ಕೆ ಆಗ್ತದಾ?”

ಊರು ಹೊಳೆಗೆ ಬೆನ್ನು ಹಾಕಿದ್ದಕ್ಕೆ ಕಾರಣವೂ ಇದೆ. ಹೊಳೆಬದಿ ಇಲ್ಲಿ ದುಡಿಯುವ ಜಾಗವಾಗಿತ್ತು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನ ನೇತ್ರಾವತಿ ದಡದಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆಮೇಲೆ ಬೋಳಾರ, ಹೊಯಿಗೆಬಜಾರು ಅಂತ ಹೊಗೆ ಕೊಳವೆಗಳು ಸಾಲಾಗಿ ಎದ್ದವು. ಮಣ್ಣು ದೋಣಿಯಲ್ಲಿ ಬಂತು, ಸೌದೆ ದೋಣಿಯಲ್ಲಿ ಬಂತು, ಬೆಂದ ಹಂಚು ಬಂದರಿನಿಂದ ಮಂಜಿ ಹತ್ತಿ ಹೋಯಿತು. ಲಿಲ್ಲಿ ಬಾಯಿಯ ಅಪ್ಪ ಅಂಥದ್ದೊಂದು ಕಾರ್ಖಾನೆಯ ಒಲೆಯ ಹತ್ತಿರ ಕೆಲಸಕ್ಕಿದ್ದವರು. ಈಗ ಅವು ಒಂದೊಂದಾಗಿ ಮುಚ್ಚಿ, ಆ ಹಿತ್ತಲುಗಳಿಗೆ ಬಿಲ್ಡರುಗಳ ಕಣ್ಣು ಬಿದ್ದಿದೆ.

ನನ್ನ ಪ್ರಸ್ತಾಪ ಅಲ್ಲೇ ಇರುವುದು. ಹಾಗೆ ಪಾಳುಬಿದ್ದ ಒಂದು ಕಾರ್ಖಾನೆಯ ಜಾಗವನ್ನು ಕೊಂಡು, ಹಂಚು ಒಣಗಿಸುತ್ತಿದ್ದ ಆ ಉದ್ದುದ್ದ ಮಾಡನ್ನು ಕೆಡವದೆ ಪಾರ್ಕು ಮಾಡಿ. ವರ್ಷಕ್ಕೆ ಮೂರೂವರೆ ಮೀಟರು ಮಳೆ ಬೀಳುವ ಊರಿಗೆ ಬೆಂಗಳೂರಿನ ಪಾರ್ಕಿನ ನಕ್ಷೆ ತಂದು ಏನು ಪ್ರಯೋಜನ? ಆಟಿಯ ಮಳೆಯಲ್ಲಿ ಬೆಂಚು ನೆನೆಯುತ್ತದೆ, ಇಂಟರ್‌ಲಾಕಿನ ಎಡೆಯಲ್ಲಿ ಪಾಚಿ ಹಿಡಿಯುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕುವವರು ಬರುವುದರೊಳಗೆ ವಾಕಿಂಗಿಗೆ ಬಂದ ಒಬ್ಬರ ಸೊಂಟ ಹೋಗಿರುತ್ತದೆ. ಹಂಚಿನ ಮಾಡು ಇದ್ದರೆ ಅದರ ಅಡಿಯಲ್ಲಿ ಮಕ್ಕಳು ಆಡಿಯಾರು, ಮುದುಕರು ಇಸ್ಪೀಟು ಹಾಕಿಯಾರು, ಕೆಂಪುನೀರು ಹೋಗುವುದನ್ನು ನೋಡುತ್ತಾ ಯಾರಾದರೂ ಸುಮ್ಮನೆ ನಿಂತಾರು.

“ನೆರೆ ಬಂದರೆ? 1974ರಲ್ಲಿ ಬಂಟ್ವಾಳ ಪೇಟೆಗೇ ನೀರು ನುಗ್ಗಿತ್ತಲ್ಲ!”

ಬರಲಿ. ಪಾರ್ಕಿಗೆ ನೀರು ಬಂದರೆ ಇಳಿದ ಮೇಲೆ ಕೆಸರು ತೊಳೆದರಾಯಿತು. ಫ್ಲ್ಯಾಟಿನ ಬೇಸ್‌ಮೆಂಟಿಗೆ ಬಂದರೆ ಕಾರುಗಳನ್ನು ತೊಳೆದರಾಗುತ್ತದೆಯೇ? 2011ರ ಜನಗಣತಿಯಲ್ಲೇ ಪಾಲಿಕೆಯ ಜನಸಂಖ್ಯೆ ಐದು ಲಕ್ಷದ ಹತ್ತಿರ. ಈಗ ಕಣ್ಣೂರು, ಅಡ್ಯಾರಿನ ಕಡೆಗೂ ಮನೆಗಳು ಹೊಳೆಯ ಮಗ್ಗುಲಿಗೇ ಎದ್ದಿವೆ. ಅಲ್ಲಿಯಾದರೂ ಖಾಲಿ ಉಳಿದ ತಗ್ಗು ಜಾಗವನ್ನು ಈಗಲೇ ಪಾರ್ಕಿಗೆಂದು ತೆಗೆದಿಡಬೇಕು. ಸೈಟು ಮಾಡಿ ಮಾರಿದ ಮೇಲೆ ಹೊಳೆಬದಿ ಯಾರಿಗೂ ಹಿಂದೆ ಸಿಗುವುದಿಲ್ಲ.

ಲಿಲ್ಲಿ ಬಾಯಿ ಒಪ್ಪಿದರು, ಆದರೆ ಸುಮ್ಮನೆ ಅಲ್ಲ. ಹೆಂಗಸರಿಗೆ ಬೀಗ ಜಡಿಯದ ಪಾಯಿಖಾನೆ ಬೇಕು, ಗಾಳ ಹಾಕುವವರನ್ನು ವಾಚ್‌ಮನ್ ಓಡಿಸಬಾರದು, ಟಿಕೆಟ್ ಇರಬಾರದು. ಹೆಸರಿಡುವ ಗಲಾಟೆಯಲ್ಲೇ ಎರಡು ವರ್ಷ ಹೋಗುತ್ತದೆ ನೋಡಿ, ಆದ್ದರಿಂದ ಹೊಳೆಯ ಹೆಸರನ್ನೇ ಇಡಿ ಅಂದರು.

“ಅರ್ಜಿ ಬರೆಯುತ್ತೇನೆ, ಸೈನ್ ಹಾಕುತ್ತೀರಾ?”

“ಹಾಕುವ. ಓದಿ ಹೇಳಿ ಮೊದಲು. ಇಂಟರ್‌ಲಾಕ್ ಅಂತ ಒಂದು ಕಡೆ ಕಂಡರೂ ನನ್ನ ಸೈನ್ ಇಲ್ಲ.”